ಸಾವು ಶುರುವಾಗುವ ಜಾಗ

ಪಾಪ ಅಂದ ತಕ್ಷಣ ನಮಗೆ ಒಂದು ಪಟ್ಟಿ ನೆನಪಾಗುತ್ತದೆ. ಕಳ್ಳತನ, ಸುಳ್ಳು, ವ್ಯಭಿಚಾರ, ಕುಡಿತ. ಒಂದೊಂದನ್ನೇ ನೋಡುತ್ತಾ ಹೋಗಿ, "ಪರವಾಗಿಲ್ಲ, ನಾನು ಅಷ್ಟೇನೂ ಕೆಟ್ಟವನಲ್ಲ" ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಸಾವಿನ ವಿಷಯ ಬೇರೆ. ಅದು ಎಂದೋ ಬರುವುದು, ವಯಸ್ಸಾದ ಮೇಲೆ. ಪವಿತ್ರಾತ್ಮನ ವಿಷಯವಂತೂ ಇನ್ನೂ ದೂರ. ಕೈ ಎತ್ತಿ ಹಾಡುವವರಿಗೆ, ಉಪವಾಸ ಪ್ರಾರ್ಥನೆ ಮಾಡುವವರಿಗೆ ಸೇರಿದ್ದು ಎಂಬ ಲೆಕ್ಕ.

ಬೈಬಲ್ ಈ ಮೂರನ್ನೂ ಹೀಗೆ ಬೇರೆ ಬೇರೆ ಇಡುವುದಿಲ್ಲ. ಅದರಲ್ಲೂ ಅಪೊಸ್ತಲ ಪೌಲ ಇಡುವುದೇ ಇಲ್ಲ. ರೋಮಾಪುರದ ಕ್ರೈಸ್ತರಿಗೆ ಅವನು ಬರೆದ ಪತ್ರಿಕೆಯಲ್ಲಿ, ಅಂದರೆ ಪತ್ರದಲ್ಲಿ, 5ರಿಂದ 8ನೇ ಅಧ್ಯಾಯದವರೆಗೆ, ಪಾಪದ ಮಾತು ಬಂದಲ್ಲೆಲ್ಲ ಮರಣದ ಮಾತು ಹಿಂದೆಯೇ ಬರುತ್ತದೆ. ಪಾಪ ಕೊಡುವ ಸಂಬಳ ಮರಣ ಎಂದು 6ನೇ ಅಧ್ಯಾಯದ ಕೊನೆಯಲ್ಲಿ ಹೇಳುತ್ತಾನೆ. ಈ ವಚನವನ್ನು ನಾವು ಗೋಡೆ ಮೇಲೆ ಬರೆಸಿ, ಕರಪತ್ರದಲ್ಲಿ ಅಚ್ಚು ಹಾಕಿಸಿ ಬೆದರಿಕೆಯ ಮಾತು ಮಾಡಿಬಿಟ್ಟಿದ್ದೇವೆ. ತಪ್ಪು ಮಾಡಿದೆಯಾ, ಅನುಭವಿಸು ಅನ್ನೋ ಥರ. ಆದರೆ ನಿಧಾನವಾಗಿ ಓದಿ ನೋಡಿ. ಸಂಬಳ ಕೊಡುತ್ತಿರುವವನು ಅಲ್ಲಿ ದೇವರಲ್ಲ. ಪಾಪ. ಪೌಲನ ಕಣ್ಣಿಗೆ ಪಾಪ ಒಬ್ಬ ಯಜಮಾನ. ತನ್ನ ಕೆಳಗೆ ದುಡಿದವನಿಗೆ ಅವನು ತನ್ನ ಹತ್ತಿರ ಇರುವುದನ್ನೇ ಕೊಡುತ್ತಾನೆ. ದೇವರ ಸರದಿ ಬಂದಾಗ ಸಂಬಳದ ಮಾತೇ ಇಲ್ಲ, ಉಚಿತವಾಗಿ ಸಿಗುವ ವರ ಅಷ್ಟೆ. ಇನ್ನೊಂದು ವಿಷಯ, ಸಂಬಳ ಅನ್ನುವುದು ಕೆಲಸದಲ್ಲಿ ಇರುವಾಗಲೇ ಕೈಗೆ ಬರುತ್ತಿರುತ್ತದೆ. ಕೊನೇ ದಿನದವರೆಗೆ ಕಾಯುವುದಿಲ್ಲ.

ಏದೆನ್ ತೋಟದ ಕಥೆಯನ್ನೇ ತೆಗೆದುಕೊಳ್ಳಿ. ಆ ಮರದ ಹಣ್ಣು ತಿಂದ ದಿನವೇ ಸಾಯುತ್ತೀ ಎಂದು ದೇವರು ಆದಾಮನಿಗೆ ಹೇಳಿದ್ದ. ಆದಾಮ ತಿಂದ. ಸತ್ತನಾ? ಇಲ್ಲ. ಆದಿಕಾಂಡದ 5ನೇ ಅಧ್ಯಾಯದ ಲೆಕ್ಕದಲ್ಲಿ ಅವನು 930 ವರ್ಷ ಬದುಕಿದ. ಹಾಗಾದರೆ ದೇವರು ಹೇಳಿದ್ದು ನಡೆಯಲೇ ಇಲ್ವಾ? ಸಂಡೇ ಸ್ಕೂಲ್ ಮಕ್ಕಳು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ದೊಡ್ಡವರಿಗೂ ಅನುಮಾನ ಇರುತ್ತದೆ, ಬಾಯಿ ಬಿಡುವುದಿಲ್ಲ ಅಷ್ಟೆ.

ಆ ದಿನ ಏನೇನಾಯಿತು ಎಂದು ಮತ್ತೆ ಓದಿ. ಇಬ್ಬರಿಗೂ ಬೆತ್ತಲೆ ಇರುವುದಕ್ಕೆ ನಾಚಿಕೆಯಾಯಿತು. ಅಂಜೂರದ ಎಲೆ ಹೊಲಿದು ಸುತ್ತಿಕೊಂಡರು. ದೇವರ ಸಪ್ಪಳ ಕೇಳಿ ಮರಗಳ ಮರೆಗೆ ಹೋದರು. "ಎಲ್ಲಿದ್ದೀ?" ಎಂದು ದೇವರು ಕರೆದ. ಆದಾಮ ಹೆಂಡತಿಯ ಮೇಲೆ ಹಾಕಿದ. ಅದೂ ಬರೀ ಅವಳ ಮೇಲಲ್ಲ, "ನೀನು ನನಗೆ ಕೊಟ್ಟ ಹೆಂಗಸು" ಎಂದು ದೇವರನ್ನೂ ಸೇರಿಸಿಕೊಂಡು ಹಾಕಿದ. ಹಿಂದಿನ ಅಧ್ಯಾಯದಲ್ಲಿ "ನನ್ನ ಎಲುಬಿನ ಎಲುಬು" ಆಗಿದ್ದವಳು ಈ ಅಧ್ಯಾಯದಲ್ಲಿ ಆರೋಪಿ. ಅಂದರೆ ಸಾವು ಅಂದೇ ಬಂದಿತ್ತು. ಉಸಿರು ನಿಲ್ಲುವುದಕ್ಕೆ ಮಾತ್ರ 930 ವರ್ಷ ಹಿಡಿಯಿತು.

ಇಷ್ಟೆಲ್ಲ ಆದರೂ ಆ ಅಧ್ಯಾಯದಲ್ಲಿ ಪಾಪ ಎಂಬ ಮಾತೇ ಬರುವುದಿಲ್ಲ. ಬೈಬಲಿನಲ್ಲಿ ಅದು ಮೊದಲು ಬರುವುದು ಮುಂದಿನ ಅಧ್ಯಾಯದಲ್ಲಿ, ಆದಾಮನ ಮಗ ಕಾಯಿನನ ಕಥೆಯಲ್ಲಿ. ತಮ್ಮ ಹೇಬೆಲನ ಕಾಣಿಕೆ ದೇವರಿಗೆ ಮೆಚ್ಚುಗೆಯಾಯಿತು, ಕಾಯಿನನದು ಆಗಲಿಲ್ಲ. ಕಾಯಿನನಿಗೆ ಸಿಟ್ಟು ಬಂತು, ಮುಖ ಕಳೆಗುಂದಿತು. ಆಗ ದೇವರು ಹೇಳುತ್ತಾನೆ, ಪಾಪ ಬಾಗಿಲಲ್ಲೇ ಹೊಂಚು ಹಾಕಿ ಕೂತಿದೆ, ನೀನು ಅದನ್ನು ಆಳಬೇಕು. ಆ ಹೊತ್ತಿಗೆ ಕಾಯಿನ ಏನು ಮಾಡಿದ್ದ? ಯಾರಿಗೂ ಹೊಡೆದಿರಲಿಲ್ಲ, ಬೈದೂ ಇರಲಿಲ್ಲ. ಹತ್ತು ಆಜ್ಞೆಗಳು ಬರುವುದಕ್ಕೆ ಇನ್ನೂ ಎಷ್ಟೋ ಕಾಲ ಇತ್ತು. ಮುಖ ಬಾಡಿತ್ತು, ಅಷ್ಟೆ. ದೇವರು ಅಲ್ಲೇ ತಡೆದು ಮಾತಾಡಿಸಿದ. ಬೈಬಲಿನ ಮೊದಲ ಸಾವು ಅದರ ಮರುವಚನದಲ್ಲೇ ಇದೆ. ಮುಪ್ಪಿನಿಂದ ಆದದ್ದಲ್ಲ, ಕಾಯಿಲೆಯಿಂದ ಆದದ್ದಲ್ಲ. ಅಣ್ಣ ತಮ್ಮನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಕೊಂದ.

ಪೌಲ ಶರೀರಭಾವದ, ಅಂದರೆ ದೇವರಿಗೆ ಎದುರು ನಿಲ್ಲುವ ಮನುಷ್ಯ ಸ್ವಭಾವದ, ಬಗ್ಗೆ ಬರೆದದ್ದನ್ನು ಓದಿ, ಅವನಿಗೆ ಮೈ ಅಂದರೆ ಅಸಹ್ಯ ಎಂದುಕೊಂಡವರು ಜಾಸ್ತಿ. ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಶರೀರಭಾವದ ಕೆಲಸಗಳು ಯಾವುವು ಎಂದು ಅವನೇ ಒಂದು ಪಟ್ಟಿ ಕೊಟ್ಟಿದ್ದಾನೆ. ಶುರುವಿನಲ್ಲಿ ಜಾರತ್ವ, ಬಂಡುತನ ಇವೆ. ಕೊನೆಯಲ್ಲಿ ಕುಡಿಕತನ. ಪಟ್ಟಿ ಓದುವವರು ಈ ಎರಡು ತುದಿಗಳ ಬಗ್ಗೆಯೇ ಪ್ರಸಂಗ ಮಾಡುತ್ತಾರೆ. ನಡುವೆ ಇರುವುದೇನು? ಹಗೆತನ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಸ್ವಾರ್ಥ, ಭೇದ, ಗುಂಪುಗಾರಿಕೆ, ಮತ್ಸರ. ಹೆಚ್ಚುಕಮ್ಮಿ ಅರ್ಧ ಪಟ್ಟಿ ಇದೇ. ಇದರಲ್ಲಿ ಯಾವುದಕ್ಕೂ ಮೈ ಬೇಕಾಗಿಲ್ಲ. ಹಾಸಿಗೆ ಹಿಡಿದ ಮನುಷ್ಯನೂ ಇದನ್ನೆಲ್ಲ ಚೆನ್ನಾಗಿಯೇ ಮಾಡಬಲ್ಲ. ಭಾನುವಾರ ತಪ್ಪದೆ ಸಭೆಗೆ ಬರುವವನಿಗಂತೂ ಇನ್ನೂ ಸುಲಭ, ಯಾಕೆಂದರೆ ಯಾರೂ ಅವನನ್ನು ಅನುಮಾನದಿಂದ ನೋಡುವುದಿಲ್ಲ.

ಯಾರೋ ಒಬ್ಬರು ಎಷ್ಟೋ ವರ್ಷದ ಹಿಂದೆ ನಾಲ್ಕು ಜನರ ಮುಂದೆ ಒಂದು ಮಾತು ಅಂದಿರುತ್ತಾರೆ. ಅಂದವರಿಗೆ ಅದು ಮರೆತೂ ಹೋಗಿರುತ್ತದೆ. ಕೇಳಿಸಿಕೊಂಡವನು ರಾತ್ರಿ ದೀಪ ಆರಿಸಿದ ಮೇಲೆ ಅದನ್ನು ಮತ್ತೆ ಹೊರಗೆ ತೆಗೆಯುತ್ತಾನೆ. ಅವರು ಅಂದದ್ದು, ತಾನು ಅಂದು ಹೇಳಬೇಕಾಗಿದ್ದ ಉತ್ತರ, ಆಗ ಅವರ ಮುಖ ಹೇಗಾಗುತ್ತಿತ್ತು ಅನ್ನೋದು. ಪ್ರತಿ ಸಲವೂ ಉತ್ತರ ಇನ್ನಷ್ಟು ಚೂಪಾಗುತ್ತದೆ. ಪ್ರತಿ ಸಲವೂ ಅವರು ಸ್ವಲ್ಪ ಜಾಸ್ತಿ ಕೆಟ್ಟವರಾಗುತ್ತಾರೆ. ನಿಜ ಹೇಳಬೇಕೆಂದರೆ ಇದರಲ್ಲಿ ಒಂಥರಾ ಸುಖ ಇದೆ. ಯಾವುದೋ ಮದುವೆಯಲ್ಲಿ ಅವರು ಎದುರಿಗೆ ಬಂದಾಗ ಕಣ್ಣು ತಾನಾಗಿ ಮೊಬೈಲಿನ ಮೇಲೆ ಬೀಳುತ್ತದೆ. ಇದನ್ನು ಯಾರೂ ಪಾಪ ಎಂದು ಬರೆದುಕೊಳ್ಳುವುದಿಲ್ಲ. ಆದರೆ ಅವನ ಪಾಲಿಗೆ ಆ ಮನುಷ್ಯ ಸತ್ತುಹೋಗಿದ್ದಾನೆ. ಅವನೊಳಗೂ ಅಷ್ಟು ಜಾಗ ಸತ್ತಿದೆ. ಅಲ್ಲಿ ಹೊಸದೇನೂ ಹುಟ್ಟುವುದಿಲ್ಲ, ಹಳೇ ಮಾತೇ ಸುತ್ತುತ್ತಿರುತ್ತದೆ.

ನಮ್ಮ ಸಭೆಯ ಹಿರಿಯರೊಬ್ಬರು ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿದ್ದರು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು, "ಏನೂ ಆಗಲ್ಲ, ದೇವರಿದ್ದಾನೆ, ಬೇಗ ಮನೆಗೆ ಹೋಗ್ತೀರಿ." ನಾನು ಹೋದಾಗ ಮನೆಯವರು ಕಾಫಿಗೆಂದು ಕೆಳಗೆ ಹೋದರು. ಹಿರಿಯರು ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದರು, "ನೋಡಪ್ಪಾ, ಎಲ್ಲರೂ ನನಗೆ ಸುಳ್ಳು ಹೇಳ್ತಿದ್ದಾರೆ. ನೀನಾದ್ರೂ ಸುಮ್ನೆ ಕೇಳಿಸ್ಕೋ." ಸಾವಿನ ಭಯ ತೋಡಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಮಾತಾಡಿದ್ದು ಅಣ್ಣನ ಬಗ್ಗೆ. ಯಾವುದೋ ಕಾಗದಕ್ಕೆ ಸಹಿ ಹಾಕುವಾಗ ಶುರುವಾದ ಜಗಳ. ಮಕ್ಕಳ ಮದುವೆಗೂ ಒಬ್ಬರನ್ನೊಬ್ಬರು ಕರೆದಿರಲಿಲ್ಲ. "ಸಾಯೋದು ಪರವಾಗಿಲ್ಲ, ಇದನ್ನ ಹೊತ್ಕೊಂಡು ಹೋಗೋಕೆ ಆಗ್ತಿಲ್ಲ" ಅಂದರು.

ನಂಬರ್ ಬಾಯಿಪಾಠ ಇತ್ತು ಅವರಿಗೆ. ಅಷ್ಟು ವರ್ಷ ಮಾತು ಬಿಟ್ಟಿದ್ದರೂ. ನಾನು ಒತ್ತಿ ಕಿವಿಗೆ ಹಿಡಿದೆ. "ಅಣ್ಣಾ, ನಾನು" ಅಂದರು. ಆ ಕಡೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಮಾತು ಶುರುವಾಯಿತು. ಅವರ ಮಂಡಿನೋವು, ಇವರ ಡ್ರಿಪ್, ಯಾರದೋ ಮಗಳಿಗೆ ಕೆಲಸ ಸಿಕ್ಕಿದ್ದು. ಕ್ಷಮಿಸು ಎಂದು ಇಬ್ಬರೂ ಅನ್ನಲಿಲ್ಲ. ಅಳಲೂ ಇಲ್ಲ. ಫೋನ್ ಇಟ್ಟ ಮೇಲೆ ಅವರು ದಿಂಬು ಸರಿಮಾಡು ಅಂದರು, ನಿದ್ದೆ ಹೋದರು. ಅಣ್ಣ ಬಂದು ನೋಡಿದರಾ ಇಲ್ವಾ ನನಗೆ ತಿಳಿಯದು. ಆದರೆ ಪವಿತ್ರಾತ್ಮನ ಕೆಲಸ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಮಂಡಿನೋವಿನ ಮಾತು.

ಸಾಯುವವರ ಹತ್ತಿರ ಪಾಪದ ಮಾತೇ ಎತ್ತಬಾರದು, ಬರೀ ಸಮಾಧಾನ ಹೇಳಬೇಕು ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಹಳಬರು ಹಾಗೆ ಅಂದುಕೊಂಡಿರಲಿಲ್ಲ. ಉತ್ತರ ಆಫ್ರಿಕಾದ ಹಿಪ್ಪೋ ನಗರದ ಬಿಷಪ್ ಅಗಸ್ಟಿನ್ ಸತ್ತದ್ದು ಕ್ರಿ.ಶ. 430ರಲ್ಲಿ, ವ್ಯಾಂಡಲ್ ಸೈನ್ಯ ಊರಿಗೆ ಮುತ್ತಿಗೆ ಹಾಕಿದ್ದಾಗ. ಜೊತೆಗಿದ್ದ ಪೊಸಿಡಿಯಸ್ ಬರೆದಿಟ್ಟಿರುವ ಪ್ರಕಾರ, ಅಗಸ್ಟಿನ್ ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಹಾಸಿಗೆಯ ಎದುರಿನ ಗೋಡೆಗೆ ಹಾಕಿಸಿಕೊಂಡಿದ್ದ. ಮಲಗಿದಲ್ಲಿಂದಲೇ ಅವನ್ನು ಓದಿ ಓದಿ ಅಳುತ್ತಿದ್ದ. ವೈದ್ಯರು ಬರುವಾಗ, ಊಟ ತರುವಾಗ ಬಿಟ್ಟರೆ ಯಾರೂ ಒಳಗೆ ಬರಬಾರದು ಎಂದಿದ್ದ. ದೇವರ ಕೃಪೆಯ ಬಗ್ಗೆ ಅವನಷ್ಟು ಬರೆದವರು ಕಡಿಮೆ. ಹಾಗಾದರೆ ಆ ಅಳು ಯಾಕೆ, ಕೃಪೆಯಲ್ಲಿ ನಂಬಿಕೆ ಇರಲಿಲ್ವಾ? ನನಗೆ ಹಾಗನ್ನಿಸುವುದಿಲ್ಲ. ಕೃಪೆ ಇದೆ ಎಂದು ನಂಬಿದವನೇ ಮರೆಯಿಂದ ಹೊರಗೆ ಬಂದು ಹೀಗೆ ಅಳಬಲ್ಲ. ನಂಬದವನು ಕೊನೆಯವರೆಗೂ ಎಲೆ ಸುತ್ತಿಕೊಂಡೇ ಇರುತ್ತಾನೆ.

ಇನ್ನು ರೋಮಾಪುರದ ಪತ್ರಿಕೆಯ 7ನೇ ಅಧ್ಯಾಯ. ಬೇಕೆಂದದ್ದನ್ನು ಮಾಡಲ್ಲ, ಬೇಡವೆಂದು ದ್ವೇಷಿಸುವುದನ್ನೇ ಮಾಡುತ್ತೇನೆ ಎಂಬ ಮಾತು ಇರುವ ಅಧ್ಯಾಯ. ಇದು ಕ್ರಿಸ್ತನನ್ನು ನಂಬುವ ಮುಂಚಿನ ಪೌಲನ ಕಥೆಯಾ, ನಂಬಿದ ಮೇಲಿನದಾ ಎಂದು ದೊಡ್ಡ ಚರ್ಚೆ ಇದೆ. ಅಗಸ್ಟಿನ್ ಕೂಡ ಮೊದಲು ಒಂದು ಥರ ಹೇಳಿ ಆಮೇಲೆ ಅಭಿಪ್ರಾಯ ಬದಲಿಸಿದ. ಅದು ಇತ್ಯರ್ಥ ಆಗುವವರೆಗೆ ಕಾಯಬೇಕಾಗಿಲ್ಲ. ಆ ಭಾಗದಲ್ಲಿ "ನಾನು" ಎಷ್ಟು ಸಲ ಬರುತ್ತದೆ ಎಂದು ಎಣಿಸಲು ಹೊರಟರೆ ಸಾಕಾಗಿಹೋಗುತ್ತದೆ. ನಾನು ಬಯಸುತ್ತೇನೆ, ನಾನು ಮಾಡುತ್ತೇನೆ, ನನ್ನಲ್ಲಿ ಇದೆ, ನನ್ನಿಂದ ಆಗದು. ಒಳ್ಳೆಯವನಾಗಬೇಕು ಎಂಬ ಆಸೆ ನಿಜವಾದದ್ದೇ. ಆದರೆ ಎಷ್ಟು ಹೋರಾಡಿದರೂ ಕಣ್ಣು ತನ್ನ ಮೇಲಿಂದ ಏಳುವುದಿಲ್ಲ. ಗೆದ್ದರೆ ಜಂಬ, ಸೋತರೆ ನಾಚಿಕೆ. ಎರಡರಲ್ಲೂ ದೇವರಿಗೆ ಜಾಗ ಇಲ್ಲ, ನೆರೆಯವನಿಗೂ ಇಲ್ಲ.

ಧರ್ಮಶಾಸ್ತ್ರ, ಅಂದರೆ ಮೋಶೆಯ ಮೂಲಕ ಬಂದ ಆಜ್ಞೆಗಳು, ಕೆಟ್ಟದ್ದು ಎಂದು ಪೌಲ ಹೇಳುವುದಿಲ್ಲ. ಪರಿಶುದ್ಧವಾದದ್ದು, ಒಳ್ಳೆಯದು ಎಂದೇ ಹೇಳುತ್ತಾನೆ. ಆಶಿಸಬೇಡ ಎಂಬ ಆಜ್ಞೆ ಕೇಳಿದ ಮೇಲೆಯೇ ತನ್ನೊಳಗೆ ಎಲ್ಲ ಥರದ ಆಸೆ ಎದ್ದಿತು ಎಂದೂ ಹೇಳುತ್ತಾನೆ. ಆಜ್ಞೆ ರೋಗ ಯಾವುದು ಎಂದು ತೋರಿಸುತ್ತದೆ. ಅದು ಎಕ್ಸ್‌ರೇ ಇದ್ದ ಹಾಗೆ. ಎಷ್ಟು ಸಲ ತೆಗೆಸಿದರೂ ಮುರಿದ ಎಲುಬು ಅದರಿಂದ ಕೂಡುವುದಿಲ್ಲ.

"ಈ ಮರಣದ ದೇಹದಿಂದ ನನ್ನನ್ನು ಬಿಡಿಸುವವರು ಯಾರು?" ಎಂದು 7ನೇ ಅಧ್ಯಾಯದ ಕೊನೆಯಲ್ಲಿ ಪೌಲ ಕೂಗುತ್ತಾನೆ. ನಾವು ಅಲ್ಲಿಗೆ ನಿಲ್ಲಿಸಿ, ಮುಂದಿನ ಅಧ್ಯಾಯವನ್ನು ಇನ್ನೊಂದು ದಿನ ಓದುತ್ತೇವೆ. ಪತ್ರದಲ್ಲಿ ಅಧ್ಯಾಯಗಳು ಇರಲೇ ಇಲ್ಲ. ಈಗಿನ ಅಧ್ಯಾಯ ವಿಂಗಡಣೆ 13ನೇ ಶತಮಾನದ್ದು. ಮೊದಲು ಕೇಳಿದವರಿಗೆ ಆ ಕೂಗಿನ ಹಿಂದೆಯೇ ದೇವರಿಗೆ ಸ್ತೋತ್ರ, ಅದರ ಬೆನ್ನಿಗೇ ಕ್ರಿಸ್ತ ಯೇಸುವಿನಲ್ಲಿ ಇರುವವರಿಗೆ ಈಗ ದಂಡನೆ ಇಲ್ಲ ಎಂಬ ಮಾತು ಕೇಳಿಸಿತ್ತು. ಅಲ್ಲಿಂದ ಮುಂದೆ "ನಾನು" ಹಿಂದೆ ಸರಿಯುತ್ತದೆ. 8ನೇ ಅಧ್ಯಾಯವೊಂದರಲ್ಲೇ ಆತ್ಮನ ಹೆಸರು ಸುಮಾರು 20 ಸಲ ಬರುತ್ತದೆ.

ಆತ್ಮ ಬಂದ ಮೇಲೆ ಎಲ್ಲ ಸರಿಹೋಗುತ್ತದೆ, ಒಂದೇ ರಾತ್ರಿಯಲ್ಲಿ ಎಲ್ಲ ಚಟ ಬಿಟ್ಟುಹೋಯಿತು ಎಂಬ ಸಾಕ್ಷಿಗಳನ್ನು ಕೇಳಿದಾಗ ನನಗೆ ಸ್ವಲ್ಪ ಕಸಿವಿಸಿ ಆಗುತ್ತದೆ. ಸುಳ್ಳು ಎನ್ನುತ್ತಿಲ್ಲ, ಕೆಲವರಿಗೆ ಹಾಗೇ ಆಗಿದೆ. ಆದರೆ ಹಿಂದಿನ ಬೆಂಚಿನಲ್ಲಿ ಕೂತು, ಅದೇ ಪಾಪಕ್ಕೆ ಮತ್ತೆ ಮತ್ತೆ ಬೀಳುತ್ತಾ, "ಹಾಗಾದರೆ ನನ್ನಲ್ಲಿ ಆತ್ಮ ಇಲ್ಲವೇನೋ" ಎಂದುಕೊಳ್ಳುವವರ ಗತಿ ಏನು? 8ನೇ ಅಧ್ಯಾಯವನ್ನು ಅವರು ಪೂರ್ತಿ ಓದಬೇಕು. ಅಲ್ಲಿ ನರಳಾಟ ಮುಗಿದಿಲ್ಲ. ಸೃಷ್ಟಿ ನರಳುತ್ತದೆ. ಆತ್ಮನನ್ನು ಪಡೆದ ನಾವೂ ನರಳುತ್ತೇವೆ. ಏನು ಬೇಡಿಕೊಳ್ಳಬೇಕು ಎಂದು ನಮಗೇ ತಿಳಿಯದೆ ಇರುವಾಗ ಆತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ. ದೇಹದ ದುರಭ್ಯಾಸಗಳನ್ನು ಆತ್ಮನಿಂದ ಸಾಯಿಸುತ್ತಾ ಇರಬೇಕು ಎಂದು ಅದೇ ಅಧ್ಯಾಯದಲ್ಲಿ ಇದೆ. ಒಂದು ಸಲ ಮಾಡಿ ಕೈ ತೊಳೆದುಕೊಳ್ಳುವ ಕೆಲಸ ಅಲ್ಲ ಅದು. ಅಲ್ಲಿ ಬದಲಾಗಿರುವುದು ಒಂದೇ. ಕೂಗಿಕೊಳ್ಳುವವನು ಈಗ ಒಬ್ಬನೇ ಇಲ್ಲ, ಅವನು ಕೂಗುವುದು "ಅಪ್ಪಾ, ತಂದೆಯೇ" ಎಂದು. ತಪ್ಪು ಮಾಡಿದ ಮಗು ಅಪ್ಪನ ಸಪ್ಪಳ ಕೇಳಿ ಮಂಚದ ಕೆಳಗೆ ನುಗ್ಗದೆ ಅಪ್ಪನ ಹತ್ತಿರವೇ ಬಂದರೆ, ಏದೆನ್‌ನಲ್ಲಿ ಆದದ್ದು ತಿರುಗಿ ನಡೆದಂತೆಯೇ ಅಲ್ವಾ.

ಅನುಭವವನ್ನೇ ಆತ್ಮ ಎಂದುಕೊಳ್ಳುವುದಕ್ಕೂ ನನ್ನ ತಕರಾರಿದೆ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಕೂತಿದ್ದ. ಇದೇ ರೋಮಾಪುರದ ಪತ್ರಿಕೆಗೆ ಜರ್ಮನಿಯ ಸಭಾ ಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಕೇಳುತ್ತಾ ಕೇಳುತ್ತಾ ಎದೆ ಬೆಚ್ಚಗಾಯಿತು, ಕ್ರಿಸ್ತನು ನನ್ನ ಪಾಪಗಳನ್ನೇ ತೆಗೆದುಹಾಕಿದ್ದಾನೆ ಎಂಬ ಭರವಸೆ ಬಂತು ಎಂದು ವೆಸ್ಲಿ ದಿನಚರಿಯಲ್ಲಿ ಬರೆದ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಮುಂದಿನ ಜನವರಿಯಲ್ಲಿ ಅವನು ಬರೆದದ್ದನ್ನು ಹೇಳುವವರು ಕಡಿಮೆ. ನಾನು ಈಗ ಕ್ರೈಸ್ತನಲ್ಲ, ದೇವರ ಮೇಲೆ ನನಗೆ ಪ್ರೀತಿ ಇಲ್ಲ ಎಂದು ತನ್ನನ್ನೇ ಜಾಲಾಡಿಕೊಂಡು ಬರೆದಿದ್ದಾನೆ. ಬೆಚ್ಚಗಿದ್ದ ಎದೆ ತಣ್ಣಗಾಗಲು ಒಂದು ವರ್ಷವೂ ಬೇಕಾಗಲಿಲ್ಲ. ಆದರೂ ಅವನು 1791ರಲ್ಲಿ ಸಾಯುವವರೆಗೂ ಸುವಾರ್ತೆ ಸಾರುತ್ತಲೇ ಇದ್ದ. ಬೆಚ್ಚಗಿನ ಸಂಜೆಗಿಂತ ಆ ಉಳಿದ ಐವತ್ತು ಚಿಲ್ಲರೆ ವರ್ಷ ನನಗೆ ಆತ್ಮನ ಕೆಲಸವಾಗಿ ಕಾಣುತ್ತದೆ.

ಬದುಕಿ ಬಂದವನಿಗೂ ಕಟ್ಟು ಇರುತ್ತದೆ ಎಂಬುದಕ್ಕೆ ಯೇಸುವಿನ ಗೆಳೆಯ ಲಾಜರನಿಗಿಂತ ಒಳ್ಳೇ ಸಾಕ್ಷಿ ಬೇಡ. ಸತ್ತು ನಾಲ್ಕು ದಿನವಾಗಿತ್ತು. ಯೇಸು ಮೊದಲು ಅತ್ತ, ಆಮೇಲೆ ಹೆಸರು ಹಿಡಿದು ಕೂಗಿದ. ಲಾಜರ ಹೊರಗೆ ಬಂದ. ಜೀವ ಬಂದಿದೆ, ಆದರೆ ಕೈಕಾಲಿಗೆ ಹೆಣದ ಬಟ್ಟೆ, ಮುಖಕ್ಕೂ ಬಟ್ಟೆ. ಸತ್ತವನನ್ನು ಎಬ್ಬಿಸಿದವನಿಗೆ ಆ ಬಟ್ಟೆ ಬಿಚ್ಚುವುದು ಕಷ್ಟವಿತ್ತಾ? ಅವನು ಸುತ್ತ ನಿಂತವರಿಗೆ ಹೇಳುತ್ತಾನೆ, ಬಿಚ್ಚಿರಿ, ಹೋಗಲಿ. ನಾಲ್ಕು ದಿನದ ಹೆಣದ ಬಟ್ಟೆ ಮುಟ್ಟಬೇಕಾಗಿದ್ದವರು ಅವರು. ವಾಸನೆ ಬಂದಿರಬೇಕು ಎಂದು ಅವನ ಒಡಹುಟ್ಟಿದ ಮಾರ್ಥಳೇ ಮೊದಲು ಎಚ್ಚರಿಸಿದ್ದಳು. ನಮ್ಮ ಎಷ್ಟೋ ಸಭೆಗಳಲ್ಲಿ ಈ ಕೆಲಸವೇ ನಿಂತುಹೋಗಿದೆ. ಜೀವ ಬಂದವನು ಕಟ್ಟು ಸಮೇತ ತಡವರಿಸುತ್ತಿದ್ದರೆ, ಇವನಿಗೆ ನಿಜವಾಗಲೂ ಜೀವ ಬಂದಿದೆಯಾ ಎಂದು ದೂರ ನಿಂತು ಮಾತಾಡಿಕೊಳ್ಳುತ್ತೇವೆ. ಪಾಪಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿ ಎಂದು ಯಾಕೋಬ ಬರೆದದ್ದು ಇಂಥ ಹೊತ್ತಿಗೇ. ಹೇಳಿಕೊಂಡರೆ ನಾಳೆ ಅದು ಪ್ರಾರ್ಥನಾ ವಿಷಯದ ಹೆಸರಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಭಯ ಇರುವ ಕಡೆ ಯಾರು ಬಾಯಿ ಬಿಡುತ್ತಾರೆ?

8ನೇ ಅಧ್ಯಾಯದ ಎತ್ತರ ಹತ್ತಿದ ಮೇಲೆ ಪೌಲ ಎಲ್ಲಿಗೆ ಇಳಿಯುತ್ತಾನೆ ಎಂಬುದನ್ನೂ ನೋಡಬೇಕು. ಮರಣವಾಗಲಿ ಜೀವವಾಗಲಿ ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸಲಾರವು ಎಂದವನು, 14ನೇ ಅಧ್ಯಾಯದಲ್ಲಿ ಊಟದ ಜಗಳಕ್ಕೆ ಬರುತ್ತಾನೆ. ರೋಮಿನ ಸಭೆಯಲ್ಲಿ ಕೆಲವರು ಎಲ್ಲವನ್ನೂ ತಿನ್ನುತ್ತಿದ್ದರು, ಕೆಲವರು ಬರೀ ಕಾಯಿಪಲ್ಯ. ತಿನ್ನುವವರಿಗೆ ತಿನ್ನದವರು ಕೀಳು, ತಿನ್ನದವರಿಗೆ ತಿನ್ನುವವರು ಪಾಪಿಗಳು. ಇದರ ಹಿಂದೆ ದೊಡ್ಡ ಗಾಯವೂ ಇದ್ದಿರಬಹುದು. ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಹೊರಗೆ ಹಾಕಿದ್ದ. ಅಕ್ವಿಲ, ಪ್ರಿಸ್ಕಿಲ್ಲ ದಂಪತಿ ಹಾಗೇ ಊರು ಬಿಟ್ಟವರು. ಪೌಲ ಈ ಪತ್ರ ಬರೆಸುವ ಹೊತ್ತಿಗೆ ಅವರು ಮತ್ತೆ ರೋಮಿನಲ್ಲಿದ್ದಾರೆ, ಅವರ ಮನೆಯಲ್ಲಿ ಸಭೆ ಸೇರುತ್ತದೆ. ಹೋಗಿ ಬಂದವರು, ಅಲ್ಲೇ ಉಳಿದವರು, ಇಬ್ಬರಿಗೂ ಹೇಳಲು ಬೇಕಾದಷ್ಟು ದೂರು ಇದ್ದಿರುತ್ತದೆ.

ಅಂಥವರಿಗೆ ಪೌಲ ಹೇಳುತ್ತಾನೆ, ದೇವರ ರಾಜ್ಯ ತಿನ್ನುವುದೂ ಅಲ್ಲ ಕುಡಿಯುವುದೂ ಅಲ್ಲ, ಪವಿತ್ರಾತ್ಮನಿಂದ ಸಿಗುವ ನೀತಿ, ಸಮಾಧಾನ, ಸಂತೋಷ. ನೀನು ತಿನ್ನುವುದರಿಂದ ನಿನ್ನ ಸಹೋದರ ಎಡವುವುದಾದರೆ ಮಾಂಸ ಬಿಟ್ಟುಬಿಡುವುದೇ ಒಳ್ಳೆಯದು. ತಿನ್ನುವುದು ತಪ್ಪಲ್ಲ ಎಂದು ಪೌಲನೂ ಒಪ್ಪುತ್ತಾನೆ, ನೆನಪಿರಲಿ. ಸರಿ ಇರುವವನೇ ಬಿಟ್ಟುಕೊಡಬೇಕು ಎನ್ನುತ್ತಿದ್ದಾನೆ. ಆ ಪತ್ರವನ್ನು ಅವರು ಬೇರೆ ಬೇರೆ ಕೂತು ಓದಿಕೊಳ್ಳುವಂತಿರಲಿಲ್ಲ. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಒಟ್ಟಿಗೆ ಕೇಳಬೇಕು. ಕೇಳಿ ಮುಗಿದ ಮೇಲೆ ಅದೇ ಜನ ಒಟ್ಟಿಗೆ ಊಟಕ್ಕೆ ಕೂರಬೇಕು. ಯಾರ ಪಕ್ಕ ಯಾರು ಕೂತರು, ಯಾರು ತಟ್ಟೆಯಿಂದ ಏನು ಬಿಟ್ಟರು ಎಂಬ ಸುದ್ದಿ ದೂರದ ಕೊರಿಂಥದಲ್ಲಿದ್ದ ಪೌಲನಿಗೆ ತಲುಪಿದ್ದರೂ ಎಷ್ಟೋ ದಿನ ಹಿಡಿದಿರಬೇಕು.